ಫೈಲ್ ಜೋಡಿಸಲು ಹೋಗಿ ಫೈಲೇ ಕಾಣೆಯಾದರೆ

ನಾವು ಬರೆದ ನಿಯಮದಂತೆ ಫೈಲ್‌ಗಳನ್ನು ಫೋಲ್ಡರ್‌ಗಳಿಗೆ ಹಂಚಿ ಜೋಡಿಸುವ ಸಾಫ್ಟ್‌ವೇರ್ ಓಡಿಸಿದ ಮೇಲೆ ಕೇಳಿಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಥರ. ಫೋಟೋಗಳೆಲ್ಲ 1970ರ ಫೋಲ್ಡರ್‌ಗೆ ಹೋಗಿ ಕೂತಿವೆ. ಹನ್ನೆರಡು ಸಾವಿರ ಇದ್ದದ್ದು ಹತ್ತು ಸಾವಿರ ಆಗಿದೆ. ಕನ್ನಡ ಹೆಸರಿನ ಫೈಲ್ ಕಣ್ಣೆದುರೇ ಇದ್ದರೂ ಹುಡುಕಿದರೆ ಸಿಗುತ್ತಿಲ್ಲ. ಕೇಳಿದರೆ "ಸಾಫ್ಟ್‌ವೇರ್ ಎಲ್ಲ ಹಾಳು ಮಾಡಿತು" ಅನ್ನುತ್ತಾರೆ. ನಾನೂ ಹಾಗೆ ಅಂದವನೇ. ಆಮೇಲೆ ಕೂತು ಹುಡುಕಿದಾಗ ಗೊತ್ತಾಯಿತು, ಅದು ನಾನು ಹೇಳಿದ್ದನ್ನೇ ಮಾಡಿತ್ತು. ನಾನು ಒಂದು ಚೀಟಿ ಓದುತ್ತದೆ ಅಂದುಕೊಂಡಿದ್ದೆ, ಅದು ಪಕ್ಕದ ಚೀಟಿ ಓದಿತ್ತು.

ಒಂದೊಂದು ಫೈಲಿಗೂ ಇಂಥ ಚೀಟಿಗಳು ಹಲವು ಅಂಟಿರುತ್ತವೆ. ಹೆಸರು, ಎಕ್ಸ್‌ಟೆನ್ಶನ್, ಸೈಜ್, ನಾಲ್ಕಾರು ತಾರೀಕುಗಳು. ಯಾವ ಚೀಟಿ ಓದಿ ಫೈಲನ್ನು ಎತ್ತಿಟ್ಟಿತು ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಕೈ ನಿಲ್ಲಿಸಿ

ಏನೋ ಎಡವಟ್ಟಾಗಿದೆ ಅನಿಸಿದ ತಕ್ಷಣ ಸಾಫ್ಟ್‌ವೇರನ್ನು ಪೂರ್ತಿ ಮುಚ್ಚಿ. ವಿಂಡೋ ಮುಚ್ಚಿದರೆ ಸಾಲದು. ಇಂಥ ಸಾಫ್ಟ್‌ವೇರ್‌ಗಳು ಹಿನ್ನೆಲೆಯಲ್ಲಿ ಫೋಲ್ಡರ್ ಕಾಯುತ್ತಾ ಕೂತಿರುತ್ತವೆ. ಗಡಿಯಾರದ ಪಕ್ಕದ ಚಿಕ್ಕ ಐಕಾನ್‌ನಿಂದ ಹೊರಬನ್ನಿ, ಅಲ್ಲಿ ಸಿಗದಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿ ನಿಲ್ಲಿಸಿ.

"ಇನ್ನೊಂದು ಸಲ ಓಡಿಸಿದರೆ ಸರಿಹೋಗಬಹುದು" ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಎರಡನೇ ಸಲ ಅದು ಮೊದಲ ಸಲದ ತಪ್ಪು ಜೋಡಣೆಯ ಮೇಲೆ ಕೆಲಸ ಮಾಡುತ್ತದೆ. ಹಳೆಯ ಜಾಗದ ಸುಳಿವು ಅಳಿಯುತ್ತದೆ, ಕೆಲವು ಸಾಫ್ಟ್‌ವೇರ್‌ಗಳಲ್ಲಿ ಲಾಗ್ (ಏನೇನು ಮಾಡಿತು ಎಂದು ಸಾಫ್ಟ್‌ವೇರ್ ಬರೆದಿಡುವ ದಾಖಲೆ) ಕೂಡ ಹೊಸದಾಗಿ ಬರೆದುಹೋಗುತ್ತದೆ. ಅನ್‌ಡೂ ಬಟನ್ ಇದ್ದರೂ ಸ್ವಲ್ಪ ತಡೆಯಿರಿ. ಮೊದಲು ಲಾಗ್ ಫೈಲನ್ನು ಬೇರೆ ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಅನ್‌ಡೂ ಅರ್ಧಕ್ಕೆ ಕೈಕೊಟ್ಟರೆ ಉಳಿಯುವ ಏಕೈಕ ದಾಖಲೆ ಅದು.

ಫೈಲ್ ನಿಜವಾಗಿಯೂ ಅಳಿಸಿಹೋಗಿರಬಹುದು ಎಂಬ ಅನುಮಾನ ಇದ್ದರೆ ಆ ಡಿಸ್ಕ್ ಮೇಲೆ ಏನನ್ನೂ ಬರೆಯಬೇಡಿ. ಫೈಲ್ ವಾಪಸ್ ತರುವ ಸಾಫ್ಟ್‌ವೇರನ್ನು ಅದೇ ಡಿಸ್ಕ್‌ಗೆ ಇನ್‌ಸ್ಟಾಲ್ ಮಾಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಎಸ್‌ಎಸ್‌ಡಿ ಆಗಿದ್ದರೆ ಆಸೆ ಇನ್ನೂ ಕಡಿಮೆ. ಟ್ರಿಮ್ ಎಂಬ ವ್ಯವಸ್ಥೆ ಅಳಿಸಿದ ಜಾಗವನ್ನು ಡ್ರೈವ್ ಖಾಲಿ ಮಾಡಿಕೊಳ್ಳಲು ಬಿಡುತ್ತದೆ, ಆಮೇಲೆ ಯಾವ ಸಾಫ್ಟ್‌ವೇರ್‌ಗೂ ಅಲ್ಲಿ ಏನೂ ಸಿಗುವುದಿಲ್ಲ. ವಿಂಡೋಸ್‌ನಲ್ಲಿ ಪೆನ್‌ಡ್ರೈವ್‌ನಿಂದ ಅಳಿಸಿದ್ದು ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ, ಇದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ.

ಇಲ್ಲೇ ಇನ್ನೊಂದು ಪರೀಕ್ಷೆ ಮುಗಿಸಿಬಿಡಿ. ಜೋಡಿಸುವಾಗ ಡಿಸ್ಕ್ ವಿಪರೀತ ನಿಧಾನ ಆಯಿತಾ? ಕೆಲವು ಫೈಲ್‌ಗಳ ಹತ್ತಿರ ನಿಮಿಷಗಟ್ಟಲೆ ನಿಂತಿತಾ? ಹಾಗಿದ್ದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಡುವ ಸ್ಮಾರ್ಟ್ ವರದಿ ತೆಗೆದು ನೋಡಿ. ಹಾರ್ಡ್ ಡಿಸ್ಕ್‌ನಲ್ಲಿ 5, 197, 198 ಈ ಮೂರು ನಂಬರಿನ ಸಾಲುಗಳು ಕೆಟ್ಟ ಸೆಕ್ಟರ್‌ಗಳ ಲೆಕ್ಕ ಹೇಳುತ್ತವೆ. ಅಲ್ಲಿನ ಕಚ್ಚಾ ಸಂಖ್ಯೆ ಸೊನ್ನೆ ಇಲ್ಲದೆ, ನೋಡಿದಾಗಲೆಲ್ಲ ಏರುತ್ತಿದ್ದರೆ ಜೋಡಿಸುವ ಆಟ ಬಿಡಿ. ಮುಖ್ಯವಾದದ್ದನ್ನು ಬೇರೆ ಡಿಸ್ಕ್‌ಗೆ ಎತ್ತಿಕೊಳ್ಳಿ. ಈ ಬರಹದ ಉಳಿದ ಭಾಗ ಆಮೇಲೆ.

ಎಣಿಸಿ ನೋಡಿ

ಮೂಲ ಫೋಲ್ಡರ್‌ನಲ್ಲಿ ಎಷ್ಟು ಫೈಲ್ ಇದ್ದವು, ಒಟ್ಟು ಎಷ್ಟು ಬೈಟ್ ಇತ್ತು? ಬ್ಯಾಕಪ್ ಇದ್ದರೆ ಅದರಿಂದ ತಿಳಿಯುತ್ತದೆ, ಇಲ್ಲದಿದ್ದರೆ ಲಾಗ್‌ನಲ್ಲಿ ಇರಬಹುದು. ಈಗ ಎಲ್ಲ ಗುರಿ ಫೋಲ್ಡರ್‌ಗಳನ್ನೂ ಸೇರಿಸಿ ಎಣಿಸಿ. ಜಿಬಿ ಲೆಕ್ಕ ಸಾಲದು, ಬೈಟ್ ಲೆಕ್ಕವೇ ಬೇಕು. 40 ಜಿಬಿಯಲ್ಲಿ ಐವತ್ತು ಟೆಕ್ಸ್ಟ್ ಫೈಲ್ ಹೋದರೂ ಜಿಬಿ ಅಂಕಿ ಅಲುಗುವುದಿಲ್ಲ.

ಎರಡೂ ಒಂದೇ ಆಗಿದ್ದರೆ ನೆಮ್ಮದಿ. ಏನೂ ಕಳೆದಿಲ್ಲ, ಜಾಗ ಮಾತ್ರ ತಪ್ಪಿದೆ. ಇದರಲ್ಲಿ ಮುಕ್ಕಾಲು ಪಾಲು ತಾರೀಕಿನ ಗಲಾಟೆ. ಎಣಿಕೆ ಕಡಿಮೆಯಾಗಿದ್ದರೆ ಒಂದೇ ಹೆಸರಿನ ಫೈಲ್‌ಗಳು ಒಂದರ ಮೇಲೊಂದು ಬಿದ್ದಿರಬೇಕು, ಇಲ್ಲವೇ ಡೂಪ್ಲಿಕೇಟ್ ತೆಗೆಯುವ ಆಯ್ಕೆ ಆನ್ ಇರಬೇಕು. ಮೂಲದಲ್ಲಿ ಉಳಿದವನ್ನೂ ಕೂಡಿಸಿದಾಗ ಎಣಿಕೆ ಜಾಸ್ತಿಯಾದರೆ ಕೆಲಸ ಮಧ್ಯದಲ್ಲಿ ನಿಂತಿರಬೇಕು.

ಕೊನೆಯದಕ್ಕೆ ಕಾರಣ ಸರಳ. ಒಂದೇ ಡ್ರೈವ್ ಒಳಗೆ ಫೈಲನ್ನು ಮೂವ್ ಮಾಡಿದರೆ ಒಳಗಿನ ಡೇಟಾ ಇದ್ದಲ್ಲೇ ಇರುತ್ತದೆ, ವಿಳಾಸ ಮಾತ್ರ ಬದಲಾಗುತ್ತದೆ. ಹತ್ತು ಜಿಬಿಯ ಫೈಲೂ ಕ್ಷಣದಲ್ಲಿ ಹೋಗುತ್ತದೆ. ಬೇರೆ ಡ್ರೈವ್‌ಗೆ ಮೂವ್ ಅಂದರೆ ಮೊದಲು ಕಾಪಿ, ಆಮೇಲೆ ಮೂಲವನ್ನು ಅಳಿಸುವುದು. ನಡುವೆ ಕರೆಂಟ್ ಹೋದರೆ, ಕೇಬಲ್ ಅಲುಗಿದರೆ, ಎರಡೂ ಕಡೆ ಫೈಲ್ ಉಳಿಯುತ್ತದೆ. ಗುರಿ ಕಡೆಯದು ಅರ್ಧಂಬರ್ಧ. ಹೆಸರು ಒಂದೇ, ಸೈಜ್ ಕಡಿಮೆ. ಅಂಥದ್ದನ್ನು ಹುಡುಕಿ ಅಳಿಸಿ, ಮೂಲದಿಂದ ಮತ್ತೆ ಕಾಪಿ ಮಾಡಿ. ಕೆಲವು ಸಾಫ್ಟ್‌ವೇರ್‌ಗಳು ಫೈಲಿನ ಪೂರ್ತಿ ಜಾಗವನ್ನು ಮೊದಲೇ ಕಾದಿರಿಸುತ್ತವೆ, ಆಗ ಸೈಜ್ ಕೂಡ ಸರಿಯಾಗಿಯೇ ಕಾಣುತ್ತದೆ. ಅನುಮಾನ ಇದ್ದರೆ ಎರಡರ ಹ್ಯಾಶ್, ಅಂದರೆ ಒಳಗಿನ ಡೇಟಾದಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ, ತೆಗೆದು ಹೋಲಿಸಿ.

ಒಂದೇ ಫೈಲಿನ ಬೆನ್ನು ಹತ್ತಿ

ಸಾವಿರ ಫೈಲ್ ಒಟ್ಟಿಗೆ ನೋಡಿದರೆ ತಲೆ ತಿರುಗುತ್ತದೆ. ಚೆನ್ನಾಗಿ ಗೊತ್ತಿರುವ ಒಂದೇ ಫೈಲ್ ಆರಿಸಿಕೊಳ್ಳಿ. ಎಲ್ಲಿತ್ತು, ಈಗ ಎಲ್ಲಿದೆ, ಯಾವ ನಿಯಮ ಅದನ್ನು ಎತ್ತಿತು? ಲಾಗ್‌ನಲ್ಲಿ ಹೆಸರು ಹುಡುಕಿ. ಲಾಗ್ ಇಲ್ಲದಿದ್ದರೆ, ಸಾಫ್ಟ್‌ವೇರ್ ಹೆಸರು ಬದಲಿಸಿದ್ದರೆ, ಸೈಜ್ ಹಿಡಿದು ಹುಡುಕಿ. ಬ್ಯಾಕಪ್‌ನಲ್ಲಿ ಆ ಫೋಟೋ 34,81,207 ಬೈಟ್ ಇದ್ದರೆ, ಅಷ್ಟೇ ಬೈಟ್ ಇರುವ ಇನ್ನೊಂದು ಫೈಲ್ ಡಿಸ್ಕ್‌ನಲ್ಲಿ ಸಿಗುವುದು ಅಪರೂಪ. ಎವೆರಿಥಿಂಗ್‌ನಂಥ ಹುಡುಕುವ ಸಾಫ್ಟ್‌ವೇರ್‌ಗಳಲ್ಲಿ, ಲಿನಕ್ಸ್‌ನ ಫೈಂಡ್ ಆದೇಶದಲ್ಲಿ, ಬೈಟ್ ಲೆಕ್ಕದಲ್ಲೇ ಹುಡುಕಬಹುದು. ಹೆಸರು ಬದಲಾದರೂ ಸೈಜ್ ಬದಲಾಗುವುದಿಲ್ಲ ಅಲ್ವಾ, ಅದೇ ನಮಗೆ ಆಧಾರ. ಒಳಗಿನ ಮೆಟಾಡೇಟಾ ತಿದ್ದುವ ಸಾಫ್ಟ್‌ವೇರ್ ಆಗಿದ್ದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ.

ಫೋಟೋಗಳು ತಪ್ಪು ವರ್ಷಕ್ಕೆ ಹೋಗಿವೆ

ವರ್ಷ, ತಿಂಗಳಿನಂತೆ ಜೋಡಿಸುವಾಗ ಅತಿ ಹೆಚ್ಚು ಎಡವುವ ಜಾಗ ಇದು. ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ಫೋಟೋಗೆ ಹೊರಗಿನ ತಾರೀಕು ಬೇರೆ, ಒಳಗಿನ ತಾರೀಕು ಬೇರೆ. ಹೊರಗಿನವು ಡಿಸ್ಕ್ ಇಟ್ಟುಕೊಳ್ಳುವವು: ಫೈಲ್ ಹುಟ್ಟಿದ್ದು, ಬದಲಾದದ್ದು, ಕೊನೆಗೆ ತೆರೆದದ್ದು. ಒಳಗಿನದು ಕ್ಯಾಮೆರಾ ಬರೆದ ಎಕ್ಸಿಫ್ ಮಾಹಿತಿ. ಅದರಲ್ಲೂ ಚಿತ್ರ ತೆಗೆದ ಸಮಯ, ಡಿಜಿಟಲ್ ಆದ ಸಮಯ, ತಿದ್ದಿದ ಸಮಯ ಅಂತ ಮೂರು. ಇವು ಸಾಲದು ಅಂತ ಹೆಸರಿನಲ್ಲೂ ಒಂದು ತಾರೀಕು ಇರಬಹುದು.

ಹೊರಗಿನ "ಹುಟ್ಟಿದ" ತಾರೀಕನ್ನು ನಂಬಲೇಬೇಡಿ. ವಿಂಡೋಸ್‌ನಲ್ಲಿ ಫೈಲ್ ಕಾಪಿ ಮಾಡಿದರೆ ಕಾಪಿಯ ಹುಟ್ಟಿದ ದಿನ ಇವತ್ತಾಗುತ್ತದೆ. ಬದಲಾದ ದಿನ ಮಾತ್ರ ಹಳೆಯದೇ ಉಳಿಯುತ್ತದೆ. ಹಾಗಾಗಿ ಹುಟ್ಟುವ ಮೊದಲೇ ಬದಲಾದ ಫೈಲ್‌ಗಳು ಕಂಡರೆ ಗಾಬರಿ ಬೇಡ, ಅವು ಎಲ್ಲಿಂದಲೋ ಕಾಪಿ ಆಗಿ ಬಂದವು ಎಂದರ್ಥ. ಹೊಸ ಡಿಸ್ಕ್‌ಗೆ ಎಲ್ಲ ಸುರಿದು ಜೋಡಿಸಿದಾಗ ಹತ್ತು ವರ್ಷದ ಫೋಟೋ ಒಂದೇ ತಿಂಗಳ ಫೋಲ್ಡರ್‌ಗೆ ಬಿದ್ದಿದ್ದರೆ ಕಾರಣ ಇದೇ. ಬೇರೆ ಹುಡುಕಬೇಕಿಲ್ಲ.

ಎಕ್ಸ್‌ಪ್ಲೋರರ್‌ನಲ್ಲಿ ಆ ಫೋಲ್ಡರ್ ತೆರೆದು ಡೇಟ್ ಟೇಕನ್, ಡೇಟ್ ಕ್ರಿಯೇಟೆಡ್, ಡೇಟ್ ಮಾಡಿಫೈಡ್ ಮೂರೂ ಕಾಲಂ ಪಕ್ಕಪಕ್ಕ ಹಾಕಿಕೊಳ್ಳಿ. ಫೋಲ್ಡರ್ ಹೆಸರಿಗೆ ಯಾವ ಕಾಲಂ ಹೊಂದುತ್ತದೋ ಸಾಫ್ಟ್‌ವೇರ್ ಓದಿದ ಚೀಟಿ ಅದೇ. ಇನ್ನೂ ಆಳಕ್ಕೆ ಹೋಗಬೇಕಿದ್ದರೆ ಎಕ್ಸಿಫ್‌ಟೂಲ್ ಎಂಬ ಸಾಫ್ಟ್‌ವೇರ್ ಒಳ್ಳೆಯದು. ಒಂದು ಫೈಲಿನಲ್ಲಿರುವ ಎಲ್ಲ ತಾರೀಕುಗಳನ್ನೂ ಅವು ಯಾವ ವಿಭಾಗದವು ಎಂಬುದರ ಸಮೇತ ಪಟ್ಟಿ ಮಾಡಿಕೊಡುತ್ತದೆ.

ಕೆಲವು ತಾರೀಕುಗಳು ನೋಡಿದ ಕೂಡಲೇ ಗುಟ್ಟು ಬಿಟ್ಟುಕೊಡುತ್ತವೆ. 1970ರ ಜನವರಿ 1 ಎಂದರೆ ಅಲ್ಲಿ ತಾರೀಕೇ ಇರಲಿಲ್ಲ, ಸೊನ್ನೆ ಇತ್ತು. ಯುನಿಕ್ಸ್ ಸಮಯದ ಎಣಿಕೆ ಶುರುವಾಗುವುದು ಆ ದಿನದಿಂದ. ಯುಟಿಸಿಗಿಂತ, ಅಂದರೆ ಜಗತ್ತಿನ ಮಾನಕ ಸಮಯಕ್ಕಿಂತ, ಹಿಂದಿರುವ ಊರುಗಳಲ್ಲಿ ಅದೇ ಸೊನ್ನೆ 1969ರ ಡಿಸೆಂಬರ್ 31 ಎಂದು ಕಾಣುತ್ತದೆ. 1980ರ ಜನವರಿ 1 ಬಂದರೆ ಫ್ಯಾಟ್ ಫಾರ್ಮ್ಯಾಟ್‌ನ ಕಾರ್ಡ್ ಅಥವಾ ಜಿಪ್ ಫೈಲ್‌ ಕಡೆ ನೋಡಿ, ಡಾಸ್ ಕಾಲದ ಎಣಿಕೆ ಅಲ್ಲಿಂದ ಶುರು. ಗಡಿಯಾರದ ಬ್ಯಾಟರಿ ಸತ್ತ ಕ್ಯಾಮೆರಾಗಳು ತಮ್ಮ ತಯಾರಕರು ಇಟ್ಟ ಮೊದಲ ದಿನಕ್ಕೆ ಹಾರುತ್ತವೆ, ಅದು ಬೇರೆ ಬೇರೆ ವರ್ಷ ಇರಬಹುದು, ಆದರೆ ಸಾಮಾನ್ಯವಾಗಿ ಜನವರಿ 1. ವೀಡಿಯೊಗಳು 1904ಕ್ಕೆ ಹೋಗಿದ್ದರೆ ಎಂಪಿ4, ಎಂಒವಿ ವೀಡಿಯೊ ಫೈಲ್‌ಗಳ ಸೊನ್ನೆ ಅದು. 1601 ಕಂಡರೆ ವಿಂಡೋಸ್‌ನ ಸೊನ್ನೆ. ಈ ನಾಲ್ಕು ವರ್ಷಗಳ ಫೋಲ್ಡರ್ ಎಲ್ಲಿ ಹುಟ್ಟಿದರೂ ಅರ್ಥ ಒಂದೇ: ಸಾಫ್ಟ್‌ವೇರ್ ಖಾಲಿ ಚೀಟಿಯನ್ನು ಓದಿ, ಅದನ್ನೇ ತಾರೀಕು ಅಂದುಕೊಂಡಿದೆ.

ವೀಡಿಯೊಗಳು ಮಾತ್ರ ಒಂದು ದಿನ ಹಿಂದೆ ಹೋಗುತ್ತಿವೆಯಾ? ರಾತ್ರಿ ಹನ್ನೆರಡರ ನಂತರ ತೆಗೆದದ್ದನ್ನು ನೋಡಿ. ಎಂಪಿ4 ಒಳಗಿನ ಸಮಯ ನಿಯಮದಂತೆ ಯುಟಿಸಿಯಲ್ಲಿ ಇರಬೇಕು. ಫೋಟೋದ ಎಕ್ಸಿಫ್‌ನಲ್ಲಿ ಇರುವುದು ಕ್ಯಾಮೆರಾದ ಸ್ಥಳೀಯ ಸಮಯ. ನಿಮ್ಮ ಗಡಿಯಾರ ಯುಟಿಸಿಗಿಂತ ಐದೂವರೆ ಗಂಟೆ ಮುಂದಿದ್ದರೆ, ಬೆಳಗಿನ ಜಾವ ಐದೂವರೆಯೊಳಗೆ ತೆಗೆದ ವೀಡಿಯೊ ಹಿಂದಿನ ದಿನದ ಲೆಕ್ಕಕ್ಕೆ ಹೋಗುತ್ತದೆ, ಅದೇ ಹೊತ್ತಿನ ಫೋಟೋ ಸರಿಯಾದ ದಿನದಲ್ಲೇ ಇರುತ್ತದೆ. ಸಾಫ್ಟ್‌ವೇರ್‌ನಲ್ಲಿ ವೀಡಿಯೊ ಸಮಯವನ್ನು ಸ್ಥಳೀಯ ಸಮಯಕ್ಕೆ ಬದಲಿಸುವ ಆಯ್ಕೆ ಇದ್ದರೆ ಹಾಕಿ. ಆದರೆ ಎಲ್ಲದಕ್ಕೂ ಕಣ್ಣು ಮುಚ್ಚಿ ಹಾಕಬೇಡಿ. ನಿಯಮ ಮೀರಿ ಸ್ಥಳೀಯ ಸಮಯವನ್ನೇ ಬರೆಯುವ ಕ್ಯಾಮೆರಾಗಳೂ ಇವೆ, ಅವು ಆಗ ಮುಂದಿನ ದಿನಕ್ಕೆ ಓಡುತ್ತವೆ. ಪ್ರವಾಸದ ಫೋಟೋಗಳೂ ಹೀಗೇ ಕಾಟ ಕೊಡುತ್ತವೆ. ಎಕ್ಸಿಫ್‌ನಲ್ಲಿ ಟೈಮ್ ಝೋನ್ ಬರೆಯಲು ಜಾಗ ಸಿಕ್ಕಿದ್ದೇ 2016ರಲ್ಲಿ, 2.31ನೇ ಆವೃತ್ತಿಯಿಂದ.

ಇನ್ನೊಂದು ತಮಾಷೆಯ ದೋಷ. ಸ್ಕ್ಯಾನ್ ಮಾಡಿದ ಕಾಗದಗಳಿಗೆ 05-08-2017 ಎಂಬ ಥರ ಹೆಸರಿಟ್ಟಿದ್ದೀರಿ. ಜೋಡಿಸಿದ ಮೇಲೆ ಕೆಲವು ಸರಿ, ಕೆಲವು ತಪ್ಪು. ತಪ್ಪಾದವುಗಳ ದಿನ ನೋಡಿ. ಎಲ್ಲವೂ 1ರಿಂದ 12ರ ಒಳಗಿನ ದಿನಗಳು, 12ರ ನಂತರದವು ಮಾತ್ರ ಸರಿ ಅಂತಾದರೆ ಸಾಫ್ಟ್‌ವೇರ್ ತಿಂಗಳನ್ನು ಮೊದಲು ಓದುತ್ತಿದೆ. ಆಗಸ್ಟ್ 5 ಅದರ ಕಣ್ಣಿಗೆ ಮೇ 8. 25ನೇ ತಿಂಗಳು ಇಲ್ಲವಲ್ಲ, ಅಂಥ ಕಡೆ ಮಾತ್ರ ತಿರುಗಿಸಿ ಓದುತ್ತದೆ. ನಾನು ಇದನ್ನು ಕಂಡುಹಿಡಿಯಲು ಒಂದು ಭಾನುವಾರ ಪೂರ್ತಿ ಕಳೆದೆ. ಅವತ್ತಿನಿಂದ ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ. ಹೆಸರಿನಂತೆ ಸಾಲು ಮಾಡಿದರೂ ತಾರೀಕಿನ ಕ್ರಮದಲ್ಲೇ ಬರುತ್ತದೆ.

ಮೆಸೇಜ್ ಆಪ್‌ಗಳಲ್ಲಿ ಬಂದ ಫೋಟೋಗಳಲ್ಲಿ ಎಕ್ಸಿಫ್ ಸಾಮಾನ್ಯವಾಗಿ ಉಳಿದಿರುವುದಿಲ್ಲ. ಕಳಿಸುವಾಗ ಕುಗ್ಗಿಸಿ, ಒಳಗಿನ ಮಾಹಿತಿ ತೆಗೆದುಬಿಡುತ್ತವೆ. ಹೆಸರಿನಲ್ಲಿರುವ ಎಂಟಂಕಿಯ ತಾರೀಕೊಂದೇ ಆಗ ಗತಿ, ಅದೂ ಬಂದ ದಿನ, ತೆಗೆದ ದಿನ ಅಲ್ಲ. ಸ್ಕ್ರೀನ್‌ಶಾಟ್‌ಗಳದೂ ಬಹುತೇಕ ಇದೇ ಕಥೆ. ನಿಯಮ ಬರೆಯುವಾಗ ನಾನು ಇಡುವ ಕ್ರಮ ಹೀಗೆ: ಎಕ್ಸಿಫ್‌ನ ತೆಗೆದ ಸಮಯ, ಅದಿಲ್ಲದಿದ್ದರೆ ಹೆಸರಿನ ತಾರೀಕು, ಅದೂ ಇಲ್ಲದಿದ್ದರೆ ಬದಲಾದ ದಿನ. ಬಂದ ಉತ್ತರ 1990ಕ್ಕಿಂತ ಹಿಂದಿನದಾದರೆ "ತಾರೀಕು ಗೊತ್ತಿಲ್ಲ" ಎಂಬ ಫೋಲ್ಡರ್‌ಗೆ. ಸುಮ್ನೆ ಊಹಿಸಿ ಎಲ್ಲೋ ಹಾಕುವುದಕ್ಕಿಂತ ಅದು ಎಷ್ಟೋ ವಾಸಿ.

ಕ್ಯಾಮೆರಾ ಗಡಿಯಾರವೇ ತಪ್ಪಿದ್ದರೆ ಒಂದೊಂದೇ ತಿದ್ದುವುದು ಬೇಡ. ನಿಜವಾದ ಸಮಯ ಗೊತ್ತಿರುವ ಒಂದು ಫೋಟೋ ಹುಡುಕಿ. ಗೋಡೆ ಗಡಿಯಾರ ಬಿದ್ದಿರುವ ಚಿತ್ರ ಇದ್ದರೆ ಅದೃಷ್ಟ. ವ್ಯತ್ಯಾಸ ಲೆಕ್ಕ ಹಾಕಿ, ಅಷ್ಟನ್ನೇ ಎಲ್ಲ ಫೋಟೋಗಳಿಗೂ ಒಟ್ಟಿಗೆ ಕೂಡಿಸಬಹುದು. ಎಕ್ಸಿಫ್‌ಟೂಲ್‌ನಲ್ಲಿ ಈ ಸೌಲಭ್ಯ ಇದೆ.

ಎಣಿಕೆ ಕಡಿಮೆಯಾಗಿದೆ

ಕ್ಯಾಮೆರಾಗಳು ಫೋಟೋಗೆ ಕೊಡುವ ನಂಬರ್ ನಾಲ್ಕಂಕಿಯದು, 0001ರಿಂದ 9999. ಆಮೇಲೆ ಮತ್ತೆ ಮೊದಲಿಂದ. ಎರಡು ಕಾರ್ಡ್, ಎರಡು ಕ್ಯಾಮೆರಾ, ಇಲ್ಲವೇ ಹತ್ತು ಸಾವಿರ ದಾಟಿದ ಒಂದೇ ಕ್ಯಾಮೆರಾ, ಯಾವುದಾದರೂ ಸರಿ, ಒಂದೇ ಫೋಲ್ಡರ್‌ಗೆ ಸುರಿದರೆ ಹೆಸರುಗಳು ಡಿಕ್ಕಿ ಹೊಡೆಯುತ್ತವೆ. ಆಗ ಏನು ಮಾಡಬೇಕು ಎಂಬ ಸೆಟಿಂಗ್ ಬಹುತೇಕ ಸಾಫ್ಟ್‌ವೇರ್‌ಗಳಲ್ಲಿ ಇದೆ: ಬಿಟ್ಟುಬಿಡು, ಹೆಸರು ಬದಲಿಸು, ಮೇಲೆ ಬರೆ. ಬಿಟ್ಟುಬಿಡು ಇದ್ದರೆ ಫೈಲ್ ಮೂಲದಲ್ಲೇ ಉಳಿದಿದೆ, ಹೋಗಿ ನೋಡಿ. ಮೇಲೆ ಬರೆ ಇದ್ದರೆ ಹಳೆಯದು ಹೋಯಿತು, ಬ್ಯಾಕಪ್ ಅಥವಾ ಕಾರ್ಡ್‌ನಿಂದಲೇ ತರಬೇಕು. ಮೆಮೊರಿ ಕಾರ್ಡ್ ಅಳಿಸುವ ಮೊದಲು ಈ ಪರೀಕ್ಷೆ ಆಗಿರಬೇಕು.

ವಿಂಡೋಸ್‌ಗೆ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರದ ಹೆಸರುಗಳು ಒಂದೇ. ಮ್ಯಾಕ್‌ನಲ್ಲೂ ಸಾಮಾನ್ಯ ಸೆಟಿಂಗ್ ಹಾಗೇ. ಲಿನಕ್ಸ್‌ನ ಫೈಲ್ ವ್ಯವಸ್ಥೆ ಎಕ್ಸ್ಟ್4ನಲ್ಲಿ ಅವು ಎರಡು ಬೇರೆ ಫೈಲ್. ಅಲ್ಲಿಂದ ಇಲ್ಲಿಗೆ ತಂದರೆ ಎರಡಿದ್ದದ್ದು ಒಂದಾಗುತ್ತದೆ. ಇದೇ ಕಾರಣಕ್ಕೆ ಲಿನಕ್ಸ್‌ನಲ್ಲಿ ಚಿಕ್ಕಕ್ಷರದ ಎಕ್ಸ್‌ಟೆನ್ಶನ್‌ಗೆ ಬರೆದ ನಿಯಮ ದೊಡ್ಡಕ್ಷರದ ಫೋಟೋಗಳನ್ನು ಮುಟ್ಟುವುದೇ ಇಲ್ಲ. ಕನ್ನಡಕ್ಕೆ ಈ ರಗಳೆ ಇಲ್ಲ. ಅದರ ರಗಳೆಗಳು ಬೇರೆ, ಕೆಳಗೆ ಬರುತ್ತವೆ.

ಡೂಪ್ಲಿಕೇಟ್ ತೆಗೆಯುವ ಆಯ್ಕೆ ಆನ್ ಇದ್ದರೆ ಅದು ಯಾವ ಅಳತೆಯಲ್ಲಿ ಹೋಲಿಸುತ್ತದೆ ನೋಡಿ. ಹೆಸರು ಮತ್ತು ಸೈಜ್ ಮಾತ್ರ ನೋಡುವುದು ಅಪಾಯ. ಹ್ಯಾಶ್ ಹೋಲಿಸಿದರೆ ನಂಬಬಹುದು. "ಒಂದೇ ಥರ ಕಾಣುವ ಚಿತ್ರಗಳು" ಎಂಬ ಆಯ್ಕೆ ಇದ್ದರೆ ಸಾಲಾಗಿ ತೆಗೆದ ಐದು ಫೋಟೋಗಳಲ್ಲಿ ನಾಲ್ಕನ್ನು ಅದು ಕಸ ಎಂದು ಎತ್ತಿಬಿಡುತ್ತದೆ. ನಿಮಗೆ ಬೇಕಾಗಿದ್ದ, ಮಗು ಕಣ್ಣು ತೆರೆದಿದ್ದ ಆ ಒಂದು ಅದರಲ್ಲೇ ಇರುತ್ತದೆ. ಡೂಪ್ಲಿಕೇಟ್ ಅಳಿಸಿದರೂ ಡಿಸ್ಕ್‌ನಲ್ಲಿ ಜಾಗ ಜಾಸ್ತಿ ಆಗಲಿಲ್ಲ ಎಂದರೆ ಅವು ಹಾರ್ಡ್ ಲಿಂಕ್‌ಗಳಾಗಿರಬಹುದು. ಡೇಟಾ ಒಂದೇ, ಹೆಸರು ಮಾತ್ರ ಎರಡು. ಅಳಿಸಿ ಏನೂ ಲಾಭ ಇಲ್ಲ.

ಕನ್ನಡ ಹೆಸರಿನ ಫೈಲ್ ಸಿಗುತ್ತಿಲ್ಲ, ಇಲ್ಲವೇ ಎರಡೆರಡು ಕಾಣುತ್ತಿದೆ

ಒಂದೇ ಫೋಲ್ಡರ್‌ನಲ್ಲಿ "ಫೋಟೋ" ಎಂಬ ಹೆಸರಿನ ಎರಡು ಫೋಲ್ಡರ್. ಅಕ್ಷರಕ್ಕೆ ಅಕ್ಷರ ಒಂದೇ. ಮೊದಲ ಸಲ ನೋಡಿದಾಗ ಡಿಸ್ಕ್ ಕೆಟ್ಟಿದೆ ಅಂದುಕೊಂಡೆ. ಡಿಸ್ಕ್ ಚೆನ್ನಾಗಿಯೇ ಇತ್ತು.

ಅಕ್ಷರಗಳನ್ನು ಸಂಕೇತಗಳಾಗಿ ಇಡುವ ಯುನಿಕೋಡ್ ಪದ್ಧತಿಯಲ್ಲಿ "ಫೋ" ಬರೆಯಲು ಎರಡು ದಾರಿ ಇವೆ. ಫ ಮತ್ತು ಓಕಾರದ ಗುರುತು, ಒಟ್ಟು ಎರಡು ಸಂಕೇತ. ಅಥವಾ ಫ, ಎಕಾರದ ಗುರುತು, ಊಕಾರದ ಗುರುತು, ದೀರ್ಘದ ಗುರುತು, ಒಟ್ಟು ನಾಲ್ಕು. ತೆರೆಯ ಮೇಲೆ ಎರಡೂ ಒಂದೇ. ಹಾಗಾಗಿ "ಫೋಟೋ" ಎಂಬ ಪದ ನಾಲ್ಕು ಸಂಕೇತಗಳದ್ದೂ ಆಗಬಹುದು, ಎಂಟು ಸಂಕೇತಗಳದ್ದೂ ಆಗಬಹುದು. ಈಕಾರ, ಏಕಾರ, ಐಕಾರ, ಒಕಾರ, ಓಕಾರದ ಗುರುತುಗಳಿಗೆಲ್ಲ ಈ ಎರಡು ರೂಪ ಇವೆ. ಆ, ಇ, ಉಗಳಿಗೆ ಇಲ್ಲ. ಅದಕ್ಕೇ "ಕಡತ" ಎಂಬ ಫೋಲ್ಡರ್ ಯಾವತ್ತೂ ತೊಂದರೆ ಕೊಡುವುದಿಲ್ಲ, "ಲೇಖನ" ಕೊಡುತ್ತದೆ.

ಮ್ಯಾಕ್‌ನ ಹಳೆಯ ಫೈಲ್ ವ್ಯವಸ್ಥೆ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ಈಗಿನ ಎಪಿಎಫ್‌ಎಸ್ ಕೊಟ್ಟ ರೂಪವನ್ನೇ ಉಳಿಸಿಕೊಂಡು, ಹುಡುಕುವಾಗ ಎರಡನ್ನೂ ಒಂದೇ ಎಂದು ನೋಡುತ್ತದೆ. ಎಕ್ಸ್ಟ್4 ಮತ್ತು ವಿಂಡೋಸ್‌ನ ಎನ್‌ಟಿಎಫ್‌ಎಸ್‌ಗೆ ಎರಡೂ ಬೇರೆ ಬೇರೆ. ಹಳೆಯ ಮ್ಯಾಕ್ ಡಿಸ್ಕ್‌ನಿಂದ ಫೈಲ್ ತಂದು, ಇಲ್ಲಿ ಕೀಬೋರ್ಡ್‌ನಿಂದ ಅದೇ ಹೆಸರು ಬರೆದು ಹುಡುಕಿದರೆ ಸಿಗದಿರುವುದು ಹೀಗೆ. ನಿಯಮದಲ್ಲಿ "ಹೆಸರಿನಲ್ಲಿ ಲೇಖನ ಎಂದಿದ್ದರೆ" ಎಂದು ಬರೆದಿದ್ದರೆ ಅದೂ ಹಿಡಿಯುವುದಿಲ್ಲ.

ಪತ್ತೆ ಮಾಡುವುದು ಸುಲಭ. ಹೆಸರನ್ನು ಕಾಪಿ ಮಾಡಿ, ಸಂಕೇತಗಳನ್ನು ಎಣಿಸುವ ಯಾವುದಾದರೂ ಎಡಿಟರ್‌ಗೆ ಹಾಕಿ. ಅದೇ ಹೆಸರನ್ನು ಪಕ್ಕದಲ್ಲಿ ಕೈಯಲ್ಲಿ ಟೈಪ್ ಮಾಡಿ. ಎಣಿಕೆ ಬೇರೆ ಬಂದರೆ ರೋಗ ಗೊತ್ತಾಯಿತು. ಲಿನಕ್ಸ್‌ನಲ್ಲಿ ಕಾನ್ವ್‌ಎಂವಿ ಎಂಬ ಚಿಕ್ಕ ಸಾಫ್ಟ್‌ವೇರ್ ಇಡೀ ಫೋಲ್ಡರ್‌ನ ಹೆಸರುಗಳನ್ನು ಕೂಡಿಸಿದ ರೂಪಕ್ಕೆ ತರುತ್ತದೆ. ಕೂಡಿಸಿದ ರೂಪವನ್ನು ಎನ್‌ಎಫ್‌ಸಿ, ಬಿಡಿಸಿದ್ದನ್ನು ಎನ್‌ಎಫ್‌ಡಿ ಅನ್ನುತ್ತಾರೆ. ಸೆಟಿಂಗ್‌ನಲ್ಲಿ ಈ ಹೆಸರು ಕಂಡರೆ ಎನ್‌ಎಫ್‌ಸಿ ಆರಿಸಿಕೊಳ್ಳಿ.

ಎಣಿಕೆ ಒಂದೋ ಎರಡೋ ಮಾತ್ರ ಜಾಸ್ತಿ ಬಂದರೆ ಕಾರಣ ಬೇರೆ ಇರಬಹುದು: ಅಕ್ಷರಗಳು ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಗುರುತು. "ಸಾಫ್ಟ್‌ವೇರ್" ಎಂದು ವತ್ತು ಬೀಳದಂತೆ ಬರೆಯಲು ಟ್ ಮತ್ತು ವೇ ನಡುವೆ ಅಂಥದ್ದೊಂದು ಕೂತಿರುತ್ತದೆ. ಪದದ ನಡುವೆ ಇದ್ದರೆ ಅದು ಬೇಕಾದದ್ದೇ. ಪದದ ಕೊನೆಯಲ್ಲೂ ಉಳಿದುಬಿಟ್ಟರೆ "ಫೈಲ್" ಎಂಬುದೇ ಎರಡು ಥರ ಆಗುತ್ತದೆ, ಕಣ್ಣಿಗೆ ಒಂದಿಷ್ಟೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಹೆಸರಿನ ಕೊನೆಗೆ ಕರ್ಸರ್ ಇಟ್ಟು ಬಾಣದ ಕೀ ಒಂದು ಸಲ ಹಿಂದಕ್ಕೆ ಒತ್ತಿ. ಕರ್ಸರ್ ಅಲುಗದಿದ್ದರೆ ಅಲ್ಲೊಂದು ಕಳ್ಳ ಕೂತಿದ್ದಾನೆ ಅಂತ ಅನುಮಾನಿಸಿ.

ಉದ್ದದ ಲೆಕ್ಕವೂ ಕನ್ನಡಕ್ಕೆ ಬೇರೆ. ಎಕ್ಸ್ಟ್4ನಲ್ಲಿ ಒಂದು ಹೆಸರು 255 ಬೈಟ್ ಮೀರುವಂತಿಲ್ಲ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದು ಸಂಕೇತಕ್ಕೆ ಮೂರು ಬೇಕು. ಅಂದರೆ ಸಿಗುವುದು 85 ಸಂಕೇತ ಮಾತ್ರ. "ಸ್ತ್ರೀ" ನಮ್ಮ ಕಣ್ಣಿಗೆ ಒಂದಕ್ಷರ, ಡಿಸ್ಕ್‌ಗೆ ಆರು ಸಂಕೇತ, 18 ಬೈಟ್. ಎನ್‌ಟಿಎಫ್‌ಎಸ್‌ನ ಮಿತಿ 255 ಸಂಕೇತದ ಲೆಕ್ಕ, ಬೈಟ್ ಲೆಕ್ಕ ಅಲ್ಲ. ಹಾಗಾಗಿ ವಿಂಡೋಸ್‌ನಲ್ಲಿ ಸಲೀಸಾಗಿ ಕೂತ ಉದ್ದನೆಯ ಕನ್ನಡ ಹೆಸರು ಲಿನಕ್ಸ್ ಡಿಸ್ಕ್‌ಗೆ ಹೋಗುವುದೇ ಇಲ್ಲ. ಲೇಖನದ ಪೂರ್ತಿ ಶೀರ್ಷಿಕೆಯನ್ನೇ ಹೆಸರಾಗಿ ಇಡುವವರಿಗೆ ಇದು ಬೇಗ ಎದುರಾಗುತ್ತದೆ.

ಫೈಲ್ ಒಳಗಿನ ಪದ ನೋಡಿ ಜೋಡಿಸುವ ನಿಯಮ ಹಳೆಯ ಕನ್ನಡ ಡಾಕ್ಯುಮೆಂಟ್‌ಗಳ ಮೇಲೆ ಕೆಲಸ ಮಾಡದಿದ್ದರೆ ಅವು ನುಡಿ ಅಥವಾ ಬರಹದ ಹಳೆಯ ಎನ್‌ಕೋಡಿಂಗ್‌ನಲ್ಲಿ ಇರಬಹುದು. ಅಲ್ಲಿ ಫಾಂಟ್ ಮಾತ್ರ ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಯುನಿಕೋಡ್‌ಗೆ ಪರಿವರ್ತಿಸಿದ ಮೇಲೆಯೇ ನಿಯಮ ಹಿಡಿಯುತ್ತದೆ.

ದಾರಿ ಉದ್ದವಾಯಿತು

ವರ್ಷ, ತಿಂಗಳು, ಊರು, ಸಮಾರಂಭ ಅಂತ ಫೋಲ್ಡರ್ ಒಳಗೆ ಫೋಲ್ಡರ್ ಮಾಡುತ್ತಾ ಹೋದರೆ ವಿಂಡೋಸ್‌ನಲ್ಲಿ ಒಂದು ಕಡೆ ಗೋಡೆ ಸಿಗುತ್ತದೆ. ಡ್ರೈವ್ ಅಕ್ಷರದಿಂದ ಹಿಡಿದು ಫೈಲ್ ಹೆಸರಿನ ಕೊನೆಯವರೆಗೆ ಒಟ್ಟು 260 ಸಂಕೇತ, ಅದರಲ್ಲಿ ಕೊನೆಯ ಒಂದು ಕಾಣದ ಸೊನ್ನೆಗೆ. ಫೋಲ್ಡರ್ ಹೊಸದಾಗಿ ಮಾಡುವಾಗ ಮಿತಿ ಇನ್ನೂ ಕಡಿಮೆ, 248. ಲಕ್ಷಣ ಏನೆಂದರೆ, ಆಳದ ಫೋಲ್ಡರ್‌ನ ಕೆಲವು ಫೈಲ್‌ಗಳು ಮಾತ್ರ ಹೋಗಿಲ್ಲ, ಅದರಲ್ಲೂ ಉದ್ದ ಹೆಸರಿನವು.

2016ರಲ್ಲಿ ಬಂದ ವಿಂಡೋಸ್ 10ರ 1607 ಆವೃತ್ತಿಯಿಂದ ಈ ಮಿತಿಯನ್ನು ಸೆಟಿಂಗ್‌ನಲ್ಲಿ ತೆಗೆಯಬಹುದು. ತೆಗೆದರೂ ಉಪಯೋಗ ಆಗಲಿಲ್ಲ ಎಂದು ಬೇಸರಪಟ್ಟವರು ಬಹಳ. ಕಾರಣ, ಸಾಫ್ಟ್‌ವೇರ್ ಕೂಡ ಉದ್ದ ದಾರಿಗೆ ಸಿದ್ಧ ಎಂದು ತನ್ನ ಕಡೆಯಿಂದ ಹೇಳಿರಬೇಕು. ಎರಡೂ ಕಡೆ ಒಪ್ಪಿಗೆ ಇಲ್ಲದಿದ್ದರೆ ಹಳೆಯ ಮಿತಿಯೇ. ತಕ್ಷಣಕ್ಕೆ ಬೇಕಾದರೆ ಮೇಲಿನ ಫೋಲ್ಡರ್‌ನ ಹೆಸರನ್ನು ಒಂದೆರಡು ಅಕ್ಷರಕ್ಕೆ ಇಳಿಸಿ. ಅಥವಾ ಸಬ್‌ಸ್ಟ್ ಆದೇಶದಿಂದ ಆ ಆಳದ ಫೋಲ್ಡರ್‌ಗೇ ಒಂದು ಡ್ರೈವ್ ಅಕ್ಷರ ಕೊಡಿ. ಕಾಪಿ ಮಾಡಿದರೆ ಸಾಕು ಎನ್ನುವವರಿಗೆ ವಿಂಡೋಸ್‌ನದೇ ರೋಬೋಕಾಪಿ ಆದೇಶ ಇದೆ, ಅದಕ್ಕೆ ಈ ಮಿತಿ ಇಲ್ಲ.

ಪೆನ್‌ಡ್ರೈವ್‌ಗೆ ಪ್ರತಿ ಸಲವೂ ಎಲ್ಲ ಕಾಪಿ ಆಗುತ್ತಿದೆ

ಬದಲಾದದ್ದು ಮಾತ್ರ ಹೋಗಬೇಕಿತ್ತು, ಎಲ್ಲವೂ ಹೋಗುತ್ತಿದೆ. ಗುರಿ ಡ್ರೈವ್ ಫ್ಯಾಟ್32 ಆಗಿದ್ದರೆ ಕಾರಣ ಸಮಯದ ಅಳತೆ. ಎನ್‌ಟಿಎಫ್‌ಎಸ್ ಒಂದು ಸೆಕೆಂಡಿನ ಕೋಟಿ ಭಾಗದವರೆಗೆ ಸಮಯ ಇಡುತ್ತದೆ. ಫ್ಯಾಟ್ ಬದಲಾದ ಸಮಯವನ್ನು ಎರಡು ಸೆಕೆಂಡಿಗೊಂದರಂತೆ ಇಡುತ್ತದೆ. ಎರಡೂ ಕಡೆಯ ಸಮಯ ಸರಿಯಾಗಿ ಹೊಂದುವುದು ಅಪರೂಪ, ಹಾಗಾಗಿ ಫೈಲ್ ಬದಲಾಗಿದೆ ಅನಿಸುತ್ತದೆ. ಎರಡು ಸೆಕೆಂಡ್ ವ್ಯತ್ಯಾಸ ಕಡೆಗಣಿಸು ಎಂಬ ಆಯ್ಕೆ ಒಳ್ಳೆಯ ಸಿಂಕ್ ಸಾಫ್ಟ್‌ವೇರ್‌ಗಳಲ್ಲಿ ಇರುತ್ತದೆ. ರೋಬೋಕಾಪಿಯಲ್ಲಿ ಅದರ ಹೆಸರು ಎಫ್‌ಎಫ್‌ಟಿ, ಆರ್‌ಸಿಂಕ್‌ನಲ್ಲಿ ಮಾಡಿಫೈ ವಿಂಡೋ. ವ್ಯತ್ಯಾಸ ಸರಿಯಾಗಿ ಗಂಟೆಗಳ ಲೆಕ್ಕದಲ್ಲಿದ್ದರೆ ಅದು ಟೈಮ್ ಝೋನ್, ಯಾಕೆಂದರೆ ಫ್ಯಾಟ್ ಸ್ಥಳೀಯ ಸಮಯವನ್ನೇ ಬರೆದುಕೊಳ್ಳುತ್ತದೆ.

ದೊಡ್ಡ ವೀಡಿಯೊ ಮಾತ್ರ ಹೋಗುತ್ತಿಲ್ಲ, ಜಾಗ ಬೇಕಾದಷ್ಟಿದೆ ಎಂದರೂ ಫ್ಯಾಟ್32 ಕಡೆಯೇ ನೋಡಿ. ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ ಅಲ್ಲಿ. ಎಕ್ಸ್‌ಫ್ಯಾಟ್‌ಗೆ ಬದಲಿಸಿದರೆ ಮುಗಿಯಿತು, ಬದಲಿಸುವಾಗ ಡ್ರೈವ್ ಪೂರ್ತಿ ಅಳಿಯುತ್ತದೆ ಎಂಬುದು ನೆನಪಿರಲಿ.

ಫೋಲ್ಡರ್ ಕಾಯುವ ನಿಯಮಗಳು

ಡೌನ್‌ಲೋಡ್ ಮುಗಿಯುವ ಮೊದಲೇ ಫೈಲ್ ಎತ್ತಿಕೊಂಡು ಹೋಗಿ ಡೌನ್‌ಲೋಡ್ ಕೆಡಿಸುವುದು ಇಲ್ಲಿನ ಮಾಮೂಲಿ ದೋಷ. ಬ್ರೌಸರ್‌ಗಳು ಅರ್ಧ ಇಳಿದ ಫೈಲಿಗೆ ಬೇರೆ ಎಕ್ಸ್‌ಟೆನ್ಶನ್ ಹಚ್ಚುತ್ತವೆ, ಅವನ್ನು ನಿಯಮದಿಂದ ಹೊರಗಿಡಿ. ಜೊತೆಗೆ, ಫೈಲ್ ಬದಲಾಗಿ ಎರಡು ನಿಮಿಷ ಆಗಿದ್ದರೆ ಮಾತ್ರ ಮುಟ್ಟು ಎಂಬ ಷರತ್ತು ಹಾಕಿ.

ಗುರಿ ಫೋಲ್ಡರ್ ಕಾಯುವ ಫೋಲ್ಡರ್‌ನ ಒಳಗೇ ಇದ್ದರೆ ಫೈಲ್ ತನ್ನದೇ ಬಾಲ ಹಿಡಿಯುವ ನಾಯಿಯ ಹಾಗೆ ಸುತ್ತುತ್ತದೆ. "ಚಿತ್ರ" ಒಳಗೆ "ಚಿತ್ರ", ಅದರೊಳಗೆ ಇನ್ನೊಂದು "ಚಿತ್ರ", ಮೇಲೆ ಹೇಳಿದ 260ರ ಗೋಡೆ ಸಿಗುವವರೆಗೂ.

ಕೆಲವೊಮ್ಮೆ ಒಟ್ಟಿಗೆ ಐದು ಸಾವಿರ ಫೈಲ್ ಸುರಿದರೆ ನಾಲ್ಕು ಸಾವಿರದಷ್ಟು ಮಾತ್ರ ಜೋಡಣೆಯಾಗಿ ಉಳಿದವು ಅಲ್ಲೇ ಬಿದ್ದಿರುತ್ತವೆ. ಬದಲಾವಣೆಗಳ ಸುದ್ದಿಯನ್ನು ವಿಂಡೋಸ್ ಒಂದು ಸೀಮಿತ ಬಫರ್‌ನಲ್ಲಿ ತುಂಬಿಸಿ ಕೊಡುತ್ತದೆ. ಅದು ತುಂಬಿ ತುಳುಕಿದರೆ ಸುದ್ದಿ ಕಳೆದುಹೋಗುತ್ತದೆ. ಲಿನಕ್ಸ್‌ನಲ್ಲಿ ಈ ಸುದ್ದಿ ಕೊಡುವ ಐನೋಟಿಫೈ ಪ್ರತಿ ಫೋಲ್ಡರ್‌ಗೂ ಬೇರೆ ಕಾವಲು ಕೇಳುತ್ತದೆ, ಕಾವಲುಗಳ ಸಂಖ್ಯೆಗೂ ಮಿತಿ ಇದೆ. ಹಳೆಯ ಕರ್ನಲ್‌ಗಳಲ್ಲಿ (ಲಿನಕ್ಸ್‌ನ ತಿರುಳು) ಅದು 8192, 5.11ನೇ ಆವೃತ್ತಿಯಿಂದ ಮೆಮೊರಿಗೆ ತಕ್ಕಂತೆ ಏರುತ್ತದೆ. ಕಾವಲನ್ನೇ ನಂಬಿ ಕೂರದೆ ದಿನಕ್ಕೊಂದು ಸಲ ಪೂರ್ತಿ ಸ್ಕ್ಯಾನ್ ಇಟ್ಟುಕೊಂಡರೆ ಬಿಟ್ಟುಹೋದವು ಸಿಕ್ಕಿಬೀಳುತ್ತವೆ.

ಮತ್ತೆ ಓಡಿಸುವ ಮೊದಲು

ನನ್ನ ಹತ್ತಿರ "ತಂಟೆಕೋರರು" ಎಂಬ ಫೋಲ್ಡರ್ ಒಂದಿದೆ. ಹಿಂದೆ ಯಾವತ್ತಾದರೂ ತೊಂದರೆ ಕೊಟ್ಟ ಒಂದೊಂದು ಫೈಲ್ ಅದರಲ್ಲಿ. ಎಕ್ಸಿಫ್ ಇಲ್ಲದ ಫೋಟೋ, 1904ರ ವೀಡಿಯೊ, ಬಿಡಿಸಿದ ರೂಪದ "ಲೇಖನ", ದಿನ ತಿಂಗಳು ಅದಲುಬದಲಾದ ಸ್ಕ್ಯಾನ್, ಒಂದೇ ಹೆಸರಿನ ಎರಡು ಬೇರೆ ಚಿತ್ರಗಳು. ನಿಯಮ ತಿದ್ದಿದಾಗಲೆಲ್ಲ ಈ ಫೋಲ್ಡರ್‌ನ ಒಂದು ಕಾಪಿಯ ಮೇಲೆ ಡ್ರೈ ರನ್ ಮಾಡುತ್ತೇನೆ, ಅಂದರೆ ಏನನ್ನೂ ಸರಿಸದೆ ಏನು ಮಾಡುತ್ತೇನೆಂದು ಮಾತ್ರ ಹೇಳುವ ಓಟ. ಪಟ್ಟಿ ಓದಲು ಎರಡು ನಿಮಿಷ ಸಾಕು. ಆಮೇಲೆ ನಿಜವಾದ ಓಟ, ಅದೂ ಮೂವ್ ಬದಲು ಕಾಪಿ ಆಯ್ಕೆಯಲ್ಲಿ. ಎಣಿಕೆ ಹೊಂದಿದ ಮೇಲೆಯೇ ಮೂಲಕ್ಕೆ ಕೈ ಹಾಕುವುದು.

ಆ ಫೋಲ್ಡರ್‌ಗೆ ಕೊನೆಯದಾಗಿ ಸೇರಿದ್ದು ಲಿನಕ್ಸ್‌ನಲ್ಲಿ ಹುಟ್ಟಿದ "ಪಟ್ಟಿ" ಎಂಬ ಫೈಲ್. ಅದರ ಹೆಸರಿನ ಕೊನೆಯಲ್ಲಿ ಒಂದು ಸ್ಪೇಸ್ ಇದೆ. ವಿಂಡೋಸ್ ಹೆಸರಿನ ಕೊನೆಯ ಸ್ಪೇಸ್ ತೆಗೆದು ಓದುತ್ತದೆ, ಹಾಗಾಗಿ ತೆರೆಯಲು ಹೋದರೆ ಅಂಥ ಫೈಲೇ ಇಲ್ಲ ಅನ್ನುತ್ತದೆ, ಕಣ್ಣೆದುರೇ ಕೂತಿದ್ದರೂ.